ವಾರಕ್ಕೊಂದು ಒಗಟಿನ ಪಿರಿಯಡ್ ಕೊಡಿ, ಅಂಕ ಮಾತ್ರ ಬೇಡ

ಶಾಲಾ ಶಿಕ್ಷಣ ಇಲಾಖೆಯ ಆಯುಕ್ತರಿಗೆ ಮತ್ತು ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯ (ಡಿಎಸ್‌ಇಆರ್‌ಟಿ) ನಿರ್ದೇಶಕರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಪಾಠ ಮಾಡುತ್ತೇನೆ. ಕೇಳುತ್ತಿರುವುದು ಚಿಕ್ಕ ವಿಷಯ. ಎಂಟು ಮತ್ತು ಒಂಬತ್ತನೇ ತರಗತಿಗೆ ವಾರಕ್ಕೆ ಒಂದು ಪಿರಿಯಡ್ ತರ್ಕದ ಒಗಟುಗಳಿಗೆ ಅಂತ ಬಿಟ್ಟುಕೊಡಿ. ವೇಳಾಪಟ್ಟಿಯಲ್ಲೇ ಅದಕ್ಕೊಂದು ಜಾಗ ಇರಲಿ. ಅದಕ್ಕೆ ಅಂಕ ಬೇಡ, ಪರೀಕ್ಷೆ ಬೇಡ, ಫೋಟೋ ತೆಗೆದು ಪೋರ್ಟಲ್‌ಗೆ ಹಾಕುವ ಕೆಲಸವಂತೂ ಬೇಡವೇ ಬೇಡ. ಹತ್ತನೇ ತರಗತಿಗೆ ಯಾಕೆ ಕೇಳುತ್ತಿಲ್ಲ ಅನ್ನುವುದು ನಿಮಗೂ ಗೊತ್ತು, ನನಗೂ ಗೊತ್ತು.

ಗಣಿತ ಮೇಷ್ಟ್ರುಗಳಿಗೆಲ್ಲ ಚಿರಪರಿಚಿತವಾದ ಒಂದು ಪ್ರಶ್ನೆ ಇದೆ. ಬೋರ್ಡ್ ಮೇಲೆ ನಾಲ್ಕು ಸಾಲಿನ ಲೆಕ್ಕ ಬರೆದು ಇನ್ನೂ ಸೀಮೆಸುಣ್ಣ ಕೆಳಗಿಟ್ಟಿರುವುದಿಲ್ಲ, ಹಿಂದಿನ ಬೆಂಚಿನಿಂದ ಕೇಳಿಬರುತ್ತದೆ: "ಸಾರ್, ಕೂಡೋದಾ, ಕಳೆಯೋದಾ?" ಲೆಕ್ಕ ಓದಿಯೇ ಇರುವುದಿಲ್ಲ. ಅದರಲ್ಲಿರುವ ಸಂಖ್ಯೆಗಳನ್ನು ಮಾತ್ರ ಹೆಕ್ಕಿಕೊಂಡು, ಅವುಗಳಿಗೆ ಏನು ಮಾಡಬೇಕು ಅಂತ ಕಾಯುತ್ತಿರುತ್ತಾರೆ. ನಮ್ಮ ಮಕ್ಕಳು ಮಾತ್ರ ಹೀಗೆ ಅಂದುಕೊಳ್ಳಬೇಡಿ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ 1979ರ ಸುಮಾರಿಗೆ ಸಣ್ಣ ತರಗತಿಯ ಮಕ್ಕಳಿಗೆ ಒಂದು ಪ್ರಶ್ನೆ ಕೊಟ್ಟಿದ್ದರು. ಹಡಗಿನಲ್ಲಿ 26 ಕುರಿ, 10 ಮೇಕೆ ಇವೆ, ಕ್ಯಾಪ್ಟನ್‌ಗೆ ವಯಸ್ಸೆಷ್ಟು? 97 ಮಕ್ಕಳಲ್ಲಿ 76 ಮಂದಿ ಆ ಸಂಖ್ಯೆಗಳನ್ನೇ ಹಿಡಿದು ವಯಸ್ಸು ಹೇಳಿಬಿಟ್ಟರು. ಅವರು ದಡ್ಡರೇನಲ್ಲ. ಮೇಷ್ಟ್ರು ಕೊಟ್ಟ ಲೆಕ್ಕಕ್ಕೆ ಉತ್ತರ ಇದ್ದೇ ಇರುತ್ತದೆ, ಕೊಟ್ಟ ಸಂಖ್ಯೆಗಳಿಂದಲೇ ಅದು ಬರುತ್ತದೆ ಅಂತ ಶಾಲೆಯೇ ಅವರಿಗೆ ಕಲಿಸಿತ್ತು.

ತರ್ಕದ ಒಗಟಿನಲ್ಲಿ ಈ ದಾರಿ ಇಲ್ಲ. ಅಲ್ಲಿ ಕೂಡಲು ಏನೂ ಇರುವುದಿಲ್ಲ. ಓದಲೇಬೇಕು. ಎರಡು ಸಲ, ಮೂರು ಸಲ ಓದಬೇಕು. ನಾನು ಒಗಟಿನ ಹಿಂದೆ ಬಿದ್ದಿರುವುದು ಇದೊಂದೇ ಕಾರಣಕ್ಕೆ.

ಒಂದು ಒಗಟನ್ನು ಪೂರ್ತಿ ಬಿಡಿಸಿ ತೋರಿಸುತ್ತೇನೆ. ಸ್ವಲ್ಪ ತಾಳ್ಮೆ ಇರಲಿ.

ಬೋರ್ಡ್ ಮೇಲೆ ನಾಲ್ಕು ಕಾರ್ಡ್ ಬರೆಯುತ್ತೇನೆ: ಅ, ಕ, 4, 7. ಪ್ರತಿ ಕಾರ್ಡಿನ ಒಂದು ಕಡೆ ಅಕ್ಷರ, ಇನ್ನೊಂದು ಕಡೆ ಸಂಖ್ಯೆ. ನಿಯಮ ಏನೆಂದರೆ, ಒಂದು ಕಡೆ ಸ್ವರ ಇದ್ದರೆ ಇನ್ನೊಂದು ಕಡೆ ಸಮಸಂಖ್ಯೆ ಇರಲೇಬೇಕು. ಯಾರಾದರೂ ನಿಯಮ ಮುರಿದಿದ್ದಾರಾ ಅಂತ ತಿಳಿಯಲು ಯಾವ್ಯಾವ ಕಾರ್ಡ್ ತಿರುಗಿಸಿ ನೋಡಬೇಕು? ಬೇಕಾದಷ್ಟೇ ತಿರುಗಿಸಬೇಕು, ಒಂದೂ ಜಾಸ್ತಿ ಬೇಡ.

ತರಗತಿಯಲ್ಲಿ ಹೆಚ್ಚಿನವರು "ಅ ಮತ್ತು 4" ಅನ್ನುತ್ತಾರೆ. ಕೆಲವರು "ಅ ಒಂದೇ ಸಾಕು" ಅನ್ನುತ್ತಾರೆ. ನಾನು ಸರಿ ಅನ್ನುವುದಿಲ್ಲ, ತಪ್ಪು ಅಂತಲೂ ಅನ್ನುವುದಿಲ್ಲ. ಅದನ್ನು ಹಾಗೇ ಬಿಟ್ಟು ಇನ್ನೊಂದು ಒಗಟು ಹೇಳುತ್ತೇನೆ.

ಸಾರಿಗೆ ಬಸ್ಸು. ಚೆಕಿಂಗ್‌ನವರು ಹತ್ತಿದ್ದಾರೆ. ಶೂನ್ಯ ಟಿಕೆಟ್ ಇರುವವರು ಹೆಂಗಸರೇ ಆಗಿರಬೇಕು, ಇದು ನಿಯಮ. (ಶಕ್ತಿ ಯೋಜನೆಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೂ ಉಚಿತ ಇದೆ. ಒಗಟಿಗಾಗಿ ಅದನ್ನು ಪಕ್ಕಕ್ಕಿಟ್ಟಿದ್ದೇನೆ.) ಬಸ್ಸಿನಲ್ಲಿ ನಾಲ್ಕು ಜನ. ಒಬ್ಬರು ತಲೆತುಂಬ ಹೊದ್ದು ಮಲಗಿದ್ದಾರೆ, ಕೈಯಲ್ಲಿ ಶೂನ್ಯ ಟಿಕೆಟ್ ಕಾಣುತ್ತಿದೆ. ಇನ್ನೊಬ್ಬರೂ ಹೊದ್ದು ಮಲಗಿದ್ದಾರೆ, ಕೈಯಲ್ಲಿರುವುದು ದುಡ್ಡು ಕೊಟ್ಟ ಟಿಕೆಟ್. ಮೂರನೆಯವರು ಹೆಂಗಸು, ಟಿಕೆಟ್ ಪರ್ಸಿನಲ್ಲಿದೆ. ನಾಲ್ಕನೆಯವರು ಗಂಡಸು, ಟಿಕೆಟ್ ಜೇಬಿನಲ್ಲಿದೆ. ಈ ನಿಯಮ ಮುರಿದವರನ್ನು ಹಿಡಿಯಲು ಚೆಕಿಂಗ್‌ನವರು ಯಾರ್ಯಾರನ್ನು ಮಾತಾಡಿಸಬೇಕು?

ಇದಕ್ಕೆ ಯಾರೂ ಪೆನ್ನು ತೆಗೆಯುವುದಿಲ್ಲ. "ಶೂನ್ಯ ಟಿಕೆಟ್‌ನವರನ್ನ ಎಬ್ಬಿಸಿ, ಗಂಡಸಿನ ಜೇಬು ನೋಡಿ ಸಾರ್." ದುಡ್ಡು ಕೊಟ್ಟವರನ್ನು? "ದುಡ್ಡು ಕೊಟ್ಟಿದ್ದಾರಲ್ಲ, ಯಾರಾದ್ರೆ ಏನು?" ಹೆಂಗಸನ್ನು? "ಅವರ ಹತ್ರ ಯಾವ ಟಿಕೆಟ್ ಇದ್ರೂ ನಡೆಯುತ್ತೆ." ಮಾತು ಮುಗಿಯಿತು. ಆಗ ಮೊದಲಿನ ಕಾರ್ಡುಗಳ ಕಡೆ ಕೈ ತೋರಿಸಿ, ಎರಡೂ ಒಂದೇ ಒಗಟು ಅನ್ನುತ್ತೇನೆ. ಶೂನ್ಯ ಟಿಕೆಟ್ ಜಾಗದಲ್ಲಿ ಸ್ವರ, ಹೆಂಗಸಿನ ಜಾಗದಲ್ಲಿ ಸಮಸಂಖ್ಯೆ. ಹಾಗಾದರೆ ಗಂಡಸು ಯಾರು? ಒಂದು ಕ್ಷಣ ಯಾರೂ ಉಸಿರೆತ್ತುವುದಿಲ್ಲ. ಆಮೇಲೆ ಎಲ್ಲೋ ಒಬ್ಬಳು "ಏಳು!" ಅನ್ನುತ್ತಾಳೆ. 7ರ ಹಿಂದೆ ಸ್ವರ ಇದ್ದರೆ ನಿಯಮ ಮುರಿದ ಹಾಗೆ. 4ರ ಹಿಂದೆ ಏನಿದ್ದರೂ ನಡೆಯುತ್ತದೆ. ಉತ್ತರ ಅ ಮತ್ತು 7. ಅಲ್ಲಿಂದ ಗಂಟೆ ಹೊಡೆಯುವವರೆಗೆ ತರಗತಿಯಲ್ಲಿ ಜಗಳವೋ ಜಗಳ. ಅಂಥ ಜಗಳ ನನಗೆ ದಿನಾ ಬೇಕು.

ಕಾರ್ಡಿನ ಒಗಟು ನನ್ನದಲ್ಲ. ಇಂಗ್ಲೆಂಡಿನ ಮನೋವಿಜ್ಞಾನಿ ಪೀಟರ್ ವೇಸನ್ 1966ರಲ್ಲಿ ಮಾಡಿದ್ದು. ಅವರು ಕೇಳಿದ್ದು ದೊಡ್ಡವರನ್ನು. ಹತ್ತರಲ್ಲಿ ಒಬ್ಬರಿಗೂ ಸರಿ ಉತ್ತರ ಬರಲಿಲ್ಲ. 1982ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಇಬ್ಬರು ಸಂಶೋಧಕರು ಅದೇ ಒಗಟನ್ನು "ಬಿಯರ್ ಕುಡಿಯುವವರಿಗೆ ಇಷ್ಟು ವಯಸ್ಸಾಗಿರಬೇಕು" ಅಂತ ಬದಲಿಸಿ ಕೇಳಿದರು. ಆಗ ನಾಲ್ಕರಲ್ಲಿ ಸುಮಾರು ಮೂವರು ಸರಿಯಾಗಿ ಹೇಳಿದರು. ಬಸ್ಸಿನ ಟಿಕೆಟ್ ಆ ಬಿಯರಿನ ನಮ್ಮೂರ ರೂಪ, ಅಷ್ಟೇ.

ಇದರಿಂದ ಪಾಠಕ್ಕೇನು ಲಾಭ ಅಂತ ನೀವು ಕೇಳಬಹುದು. ಒಂಬತ್ತನೇ ತರಗತಿಯ ಚತುರ್ಭುಜಗಳ ಅಧ್ಯಾಯ ತೆಗೆಯಿರಿ. ಸಮಾಂತರ ಚತುರ್ಭುಜದ ಅಭಿಮುಖ ಬಾಹುಗಳು ಸಮ ಅಂತ ಒಂದು ಪ್ರಮೇಯ. ಅದರ ಬೆನ್ನಿಗೇ, ಅಭಿಮುಖ ಬಾಹುಗಳು ಸಮವಾಗಿದ್ದರೆ ಅದು ಸಮಾಂತರ ಚತುರ್ಭುಜ ಅಂತ ಇನ್ನೊಂದು. ಮಕ್ಕಳಿಗೆ ಎರಡೂ ಒಂದೇ ಥರ ಕಾಣುತ್ತದೆ. "ಒಂದನ್ನ ಸಾಧಿಸಿದ ಮೇಲೆ ಇನ್ನೊಂದು ಯಾಕೆ ಸಾರ್?" ಅನ್ನುತ್ತಾರೆ. ನ್ಯಾಯವಾದ ಪ್ರಶ್ನೆಯೇ. 10ರಿಂದ ಭಾಗವಾಗುವ ಸಂಖ್ಯೆ 5ರಿಂದಲೂ ಭಾಗವಾಗುತ್ತದೆ. 5ರಿಂದ ಭಾಗವಾದದ್ದೆಲ್ಲ 10ರಿಂದ ಆಗುವುದಿಲ್ಲ. "ಇದ್ದರೆ" ಅನ್ನುವ ಮಾತನ್ನು ತಿರುಗಿಸಿ ಹಾಕುವ ಹಾಗಿಲ್ಲ ಅನ್ನುವುದನ್ನು ನಾನು ಎಷ್ಟು ಸಲ ಬಾಯಲ್ಲಿ ಹೇಳಿದರೂ ನಾಟುವುದಿಲ್ಲ. ಕಾರ್ಡ್ 4ನ್ನು ಸುಮ್ನೆ ತಿರುಗಿಸಲು ಹೋದವನಿಗೆ ಅದು ನಾಟಿರುತ್ತದೆ.

ಆದರೆ ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಒಗಟು ಬಿಡಿಸಿದ ಮಾತ್ರಕ್ಕೆ ಗಣಿತ ತಾನಾಗಿ ಬಂದುಬಿಡುವುದಿಲ್ಲ. ಸುಡೊಕು ತುಂಬಿದರೆ ಬುದ್ಧಿ ಬೆಳೆಯುತ್ತದೆ ಅಂತ ಮಾರುವ ಪುಸ್ತಕಗಳನ್ನು ನಾನು ನಂಬುವುದಿಲ್ಲ. ಮೇರಿ ಗಿಕ್ ಮತ್ತು ಕೀತ್ ಹೋಲಿಯೋಕ್ ಅನ್ನುವ ಇಬ್ಬರು ಮನೋವಿಜ್ಞಾನಿಗಳು 1980ರಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. ಕೋಟೆ ಹಿಡಿಯುವ ಸೇನಾಪತಿಯ ಕಥೆಯೊಂದನ್ನು ಓದಿಸಿದರು. ಸೈನ್ಯವನ್ನು ಸಣ್ಣ ಸಣ್ಣ ತುಕಡಿ ಮಾಡಿ ಎಲ್ಲ ದಾರಿಗಳಿಂದಲೂ ಒಟ್ಟಿಗೆ ನುಗ್ಗಿಸುವ ಉಪಾಯ ಅದರಲ್ಲಿದೆ. ಆಮೇಲೆ ಒಂದು ಸಮಸ್ಯೆ ಕೊಟ್ಟರು. ಹೊಟ್ಟೆಯೊಳಗೆ ಗೆಡ್ಡೆ ಇದೆ, ಜೋರಾದ ಕಿರಣ ಬಿಟ್ಟರೆ ಸುತ್ತಲಿನ ಮಾಂಸವೂ ಸುಡುತ್ತದೆ, ಏನು ಮಾಡುತ್ತೀರಿ? ಸಣ್ಣ ಕಿರಣಗಳನ್ನು ಬೇರೆ ಬೇರೆ ದಿಕ್ಕಿನಿಂದ ಬಿಡಬೇಕು. ಉಪಾಯ ಅದೇ. ಆದರೂ ತಾವಾಗಿಯೇ ಕಥೆಯನ್ನು ನೆನೆಸಿಕೊಂಡವರು ಕಡಿಮೆ. "ಆಗ ಓದಿದ ಕಥೆ ಉಪಯೋಗಕ್ಕೆ ಬರಬಹುದು" ಅಂತ ಒಂದು ಮಾತು ಹೇಳಿದ ಕೂಡಲೇ ಹೆಚ್ಚಿನವರಿಗೆ ಹೊಳೆಯಿತು.

ಆ ಒಂದು ಮಾತು ಹೇಳಲು ಮೇಷ್ಟ್ರು ಬೇಕು. ಪ್ರಮೇಯ ಬಂದ ದಿನ "ಆವತ್ತಿನ ಬಸ್ಸು ನೆನಪಿದೆಯಾ?" ಅಂತ ಕೇಳಬೇಕು. ಹಾಗಾಗಿಯೇ ಈ ಪಿರಿಯಡ್ ಗಣಿತ ಶಿಕ್ಷಕರ ಕೈಯಲ್ಲೇ ಇರಬೇಕು ಅಂತ ನನ್ನ ಹಟ. ಟಿವಿಯಲ್ಲಿ ವಿಡಿಯೋ ಹಾಕಿ ಕೂರಿಸುವುದಕ್ಕೋ, ರಜೆ ಹಾಕಿದವರ ಪಿರಿಯಡ್ ತುಂಬುವುದಕ್ಕೋ ಇದು ಬಳಕೆಯಾದರೆ ಇಡುವುದೇ ಬೇಡ.

ಇನ್ನೊಂದು ಒಗಟು ಹೇಳುತ್ತೇನೆ, ಇದು ನನ್ನದೇ. ಯಾರೋ ಶಾಲೆಯ ಗಂಟೆಯನ್ನು ಮೊದಲೇ ಬಾರಿಸಿಬಿಟ್ಟಿದ್ದಾರೆ. ಸಿಕ್ಕಿಬಿದ್ದವರು ಮೂವರು. ರವಿ ಹೇಳುತ್ತಾನೆ, "ಬಾರಿಸಿದ್ದು ಸಲ್ಮಾ." ಸಲ್ಮಾ ಹೇಳುತ್ತಾಳೆ, "ನಾನಲ್ಲ." ಗಂಗಾ ಹೇಳುತ್ತಾಳೆ, "ನಾನೂ ಅಲ್ಲ." ಮೂವರಲ್ಲಿ ಒಬ್ಬರ ಮಾತು ಮಾತ್ರ ನಿಜ. ಹಾಗಾದರೆ ಬಾರಿಸಿದವರು ಯಾರು?

ಇಲ್ಲಿ ಊಹೆ ಮಾಡಿ ಉತ್ತರ ಹೇಳಿದರೆ ನಾನು ಒಪ್ಪುವುದಿಲ್ಲ, ಸರಿಯಿದ್ದರೂ ಸಹ. "ಸಲ್ಮಾ ಅಂತಲೇ ಇಟ್ಕೊಳ್ಳೋಣ" ಅಂತ ಶುರು ಮಾಡಬೇಕು. ಆಗ ರವಿ ಹೇಳಿದ್ದು ನಿಜ, ಗಂಗಾ ಹೇಳಿದ್ದೂ ನಿಜ. ಎರಡು ನಿಜ ಬಂತು, ಆಗುವುದಿಲ್ಲ. ರವಿ ಅಂತ ಇಟ್ಕೊಳ್ಳೋಣ. ಸಲ್ಮಾ ಹೇಳಿದ್ದು ನಿಜ, ಗಂಗಾ ಹೇಳಿದ್ದೂ ನಿಜ. ಇದೂ ಆಗುವುದಿಲ್ಲ. ಗಂಗಾ ಅಂತ ಇಟ್ಟರೆ ಸಲ್ಮಾ ಮಾತೊಂದೇ ನಿಜ. ಸಿಕ್ಕಿತು.

ಒಂದನ್ನು ಇದ್ದ ಹಾಗೆ ಇಟ್ಟುಕೊಂಡು, ಅದರ ಬೆನ್ನು ಹತ್ತಿ, ಎಡವಟ್ಟಾದ ಕಡೆ ನಿಂತು "ಹಾಗಾದರೆ ಇದು ಸುಳ್ಳು" ಅನ್ನುವುದು. ಹತ್ತನೇ ತರಗತಿಯಲ್ಲಿ √2 ಅಭಾಗಲಬ್ಧ, ಅಂದರೆ ಭಿನ್ನರಾಶಿಯಾಗಿ ಬರೆಯಲಾಗದ್ದು, ಅಂತ ಸಾಧಿಸುವುದು ಹೀಗೆಯೇ. ಆ ಸಾಧನೆಯನ್ನು ನಮ್ಮ ಮಕ್ಕಳು ಪದ್ಯದ ಹಾಗೆ ಬಾಯಿಪಾಠ ಮಾಡುತ್ತಾರೆ. "ಆದ್ದರಿಂದ ನಮ್ಮ ಊಹೆ ತಪ್ಪು" ಅನ್ನುವ ಕೊನೆಯ ಸಾಲನ್ನು ಎಲ್ಲರೂ ಬರೆಯುತ್ತಾರೆ. ಯಾವ ಊಹೆ ಅಂತ ಕೇಳಿದರೆ ನೋಟ್ಸ್ ತಿರುವಿ ಹಾಕುತ್ತಾರೆ. ಒಂಬತ್ತರಲ್ಲೇ ಗಂಗಾಳನ್ನು ಹಿಡಿದವರಿಗೆ ಹತ್ತರಲ್ಲಿ ಆ ಸಾಲು ಹೊಸದಾಗಿ ಕಾಣುವುದಿಲ್ಲ.

ಹುಲಿ, ಮೇಕೆ, ಹುಲ್ಲಿನ ಹೊರೆಯನ್ನು ದೋಣಿಯಲ್ಲಿ ದಾಟಿಸುವ ಒಗಟು ನಿಮಗೆ ಗೊತ್ತಿರುತ್ತದೆ. ಮನೆಯಲ್ಲಿ ಅಜ್ಜಿಯಿಂದ ಕೇಳಿದ್ದಿರಬೇಕು. ದಾಟಿಸಿದ ಮೇಕೆಯನ್ನು ಮತ್ತೆ ವಾಪಸ್ ತರಬೇಕು ಅನ್ನುವಲ್ಲೇ ಮಕ್ಕಳು ಸಿಕ್ಕಿಹಾಕಿಕೊಳ್ಳುವುದು. ಮಾಡಿದ್ದನ್ನು ಹಿಂದೆ ತೆಗೆದುಕೊಂಡರೆ ತಪ್ಪು ಒಪ್ಪಿಕೊಂಡ ಹಾಗೆ ಅಂತ ಅವರ ಲೆಕ್ಕ. ಕೆಂಪು ಪೆನ್ನಿನ ಅಡ್ಡಗೆರೆ ನೋಡಿ ನೋಡಿ ಬಂದ ಭಯ ಅದು.

ಈಗ ಪಾಸಿಂಗ್ ಪ್ಯಾಕೇಜ್ ವಿಷಯ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಾಗ ಊರೂರಲ್ಲೂ ಹೊರಡುವ ಆ ಹಾಳೆಗಳನ್ನು ನಾನು ಬೈಯುವುದಿಲ್ಲ. ಒಂದು ಪ್ರಮೇಯ, ಒಂದು ನಕ್ಷೆ, ಅಷ್ಟು ಕಲಿತು ಪಾಸಾಗು ಮಗಳೇ ಅಂತ ನಾನೂ ಹೇಳುತ್ತೇನೆ. ಫೇಲಾದ ಹುಡುಗಿಗೆ ಮನೆಯಲ್ಲಿ ಏನು ಕಾದಿರುತ್ತದೆ ಅಂತ ಬಲ್ಲ ಯಾವ ಮೇಷ್ಟ್ರೂ ಅದನ್ನು ಬೇಡ ಅನ್ನುವುದಿಲ್ಲ. ಆದರೆ ಆ ಪ್ಯಾಕೇಜಿನಲ್ಲಿ ತ್ರಿಭುಜದ ಹೆಸರು ಎಬಿಸಿ ಇದ್ದು, ಪ್ರಶ್ನೆಪತ್ರಿಕೆಯಲ್ಲಿ ಪಿಕ್ಯೂಆರ್ ಬಂದರೆ ಪೆನ್ನು ನಿಂತುಬಿಡುತ್ತದೆ. ಮಾರ್ಚ್‌ನಲ್ಲಿ ಅದಕ್ಕೆ ಮದ್ದಿಲ್ಲ. ಮದ್ದು ಇರುವುದು ಎಂಟು, ಒಂಬತ್ತರಲ್ಲಿ.

ನನಗೆ ನಿಜಕ್ಕೂ ಬೇಜಾರಾಗುವುದು ಬೇರೆ ಕಡೆ. ನಾವು ತರ್ಕವನ್ನು ಕಲಿಸುವುದಿಲ್ಲ, ಆದರೆ ಪರೀಕ್ಷೆ ಮಾಡುತ್ತೇವೆ. ಎಂಟನೇ ತರಗತಿಯ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆ ನೋಡಿ. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಬಡ ಮಕ್ಕಳಿಗಾಗಿಯೇ ಇರುವುದು. ಪಾಸಾಗಿ ಆಯ್ಕೆಯಾದರೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷ. ಅದರಲ್ಲಿ ಎರಡು ಪತ್ರಿಕೆ, ತಲಾ 90 ಪ್ರಶ್ನೆ. ಒಂದು ಪಠ್ಯದ ಮೇಲೆ, ಇನ್ನೊಂದು ಪೂರ್ತಿ ಮಾನಸಿಕ ಸಾಮರ್ಥ್ಯದ ಮೇಲೆ: ಸರಣಿ, ಸಂಕೇತ, ಆಕೃತಿ, ತರ್ಕ. ನವೋದಯ ಪ್ರವೇಶ ಪರೀಕ್ಷೆಯಲ್ಲಂತೂ 80 ಪ್ರಶ್ನೆಗಳಲ್ಲಿ 40 ಇದೇ, 100 ಅಂಕದಲ್ಲಿ 50 ಇದಕ್ಕೇ. ಬರೆಯುವವರು ಐದನೇ ತರಗತಿ ಮಕ್ಕಳು. ಇಷ್ಟು ತೂಕದ ವಿಷಯಕ್ಕೆ ವೇಳಾಪಟ್ಟಿಯಲ್ಲಿ ಒಂದು ಪಿರಿಯಡ್ ಇಲ್ಲ. ಹಾಗಾಗಿ ಅದು ಕೋಚಿಂಗ್‌ನವರ ಪಾಲಾಗಿದೆ. ದುಡ್ಡಿದ್ದವರು ಸೇರಿಸುತ್ತಾರೆ. ಇಲ್ಲದವರ ಮಕ್ಕಳು ಆ ಥರದ ಪ್ರಶ್ನೆಯನ್ನು ಮೊದಲ ಸಲ ನೋಡುವುದು ಪರೀಕ್ಷೆ ಕೊಠಡಿಯಲ್ಲೇ. ಕೆಲವು ಶಾಲೆಗಳಲ್ಲಿ ಶಿಕ್ಷಕರು ಬೆಳಗ್ಗೆ ಬೇಗ ಬಂದು ಹೇಳಿಕೊಡುತ್ತಾರೆ, ಅವರಿಗೆ ದೊಡ್ಡ ನಮಸ್ಕಾರ. ಆದರೆ ಅವರೂ ಹೇಳಿಕೊಡುವುದು ಹಳೆಯ ಪ್ರಶ್ನೆಪತ್ರಿಕೆ ಹಿಡಿದು ಶಾರ್ಟ್‌ಕಟ್‌ಗಳನ್ನೇ. ಪರೀಕ್ಷೆ ತಲೆಯ ಮೇಲೆ ಬಂದಾಗ ಬೇರೆ ದಾರಿ ಏನಿದೆ?

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಗಣಿತ ಕಲಿಸಲು ಒಗಟು, ಆಟಗಳನ್ನು ನಿಯಮಿತವಾಗಿ ಬಳಸಬೇಕು ಅಂತ ಬರೆದಿದೆ. ಆ ನೀತಿ ನಮಗೆ ಬೇಕೋ ಬೇಡವೋ ಅನ್ನುವ ಗಲಾಟೆಗೆ ನಾನು ಬರುವುದಿಲ್ಲ. ಒಗಟಿಗೆ ಯಾವ ಪಕ್ಷವೂ ಇಲ್ಲ. ಅದು ಈ ನೆಲಕ್ಕೆ ಹೊಸದೂ ಅಲ್ಲ. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಬರೆದ ಗಣಿತಸಾರಸಂಗ್ರಹದ ತುಂಬ ಇಂಥವೇ ಇವೆ. ಆ ದೊರೆಯ ರಾಜಧಾನಿ ಮಾನ್ಯಖೇಟ, ಅಂದರೆ ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡ. ಅದರಲ್ಲಿ ಒಂದು ಲೆಕ್ಕ: ಮೂವರು ವ್ಯಾಪಾರಿಗಳಿಗೆ ದಾರಿಯಲ್ಲಿ ಒಂದು ಹಣದ ಚೀಲ ಕಾಣುತ್ತದೆ. ಮೊದಲನೆಯವನು, "ಈ ಚೀಲ ನನಗೆ ಸಿಕ್ಕರೆ ನಿಮ್ಮಿಬ್ಬರ ಹತ್ತಿರ ಇರುವುದರ ಎರಡರಷ್ಟು ನನ್ನ ಹತ್ತಿರ ಇರುತ್ತದೆ" ಅನ್ನುತ್ತಾನೆ. ಎರಡನೆಯವನು ಮೂರರಷ್ಟು ಅನ್ನುತ್ತಾನೆ, ಮೂರನೆಯವನು ಐದರಷ್ಟು. ಚೀಲದಲ್ಲಿ ಎಷ್ಟಿತ್ತು, ಯಾರ ಹತ್ತಿರ ಎಷ್ಟಿತ್ತು? ಚೀಲದಲ್ಲಿ 15, ಅವರ ಹತ್ತಿರ 1, 3, 5 ಅಂತ ಇಟ್ಟು ನೋಡಿ, ಸರಿಹೋಗುತ್ತದೆ. 30, 2, 6, 10 ಅಂದರೂ ಸರಿಯೇ. ಒಂದು ಲೆಕ್ಕಕ್ಕೆ ಒಂದಕ್ಕಿಂತ ಜಾಸ್ತಿ ಸರಿಯುತ್ತರ ಇರಬಹುದು ಅಂತ ಗೊತ್ತಾದಾಗ ಮಕ್ಕಳ ಮುಖ ನೋಡಬೇಕು ನೀವು.

ಇನ್ನು ನನ್ನ ಭಯಗಳು. ಇಲಾಖೆ ಒಪ್ಪಿಕೊಂಡರೆ ಏನಾಗುತ್ತದೆ ಅಂತಲೂ ನನಗೆ ಗೊತ್ತಿದೆ, ಅದಕ್ಕೇ ಮುಂಚಿತವಾಗಿ ಕೈಮುಗಿಯುತ್ತಿದ್ದೇನೆ. ದಯವಿಟ್ಟು ಇದಕ್ಕೊಂದು ಯೋಜನೆಯ ಹೆಸರಿಡಬೇಡಿ. ಉತ್ತರ ಇರುವ ಕೈಪಿಡಿಯನ್ನು ಮಕ್ಕಳಿಗೆ ಕೊಡಬೇಡಿ. ಕೊಟ್ಟ ತಿಂಗಳಲ್ಲೇ ಗೈಡ್ ಬರುತ್ತದೆ, ಗೈಡ್ ಬಂದ ಮೇಲೆ ಒಗಟೂ ಒಂದು ಬಾಯಿಪಾಠ. ಶಿಕ್ಷಕರಿಗೆ ಮಾತ್ರ ಒಂದು ಸಣ್ಣ ಪುಸ್ತಕ ಕೊಡಿ. ಅದರಲ್ಲಿ ಒಗಟಿನ ಜೊತೆಗೆ ಮಕ್ಕಳು ಎಲ್ಲಿ ಎಡವುತ್ತಾರೆ, ಆಗ ಏನು ಕೇಳಬೇಕು, ಯಾವ ಪಾಠದಲ್ಲಿ ಅದನ್ನು ನೆನಪಿಸಬೇಕು ಅನ್ನುವುದು ಇರಲಿ. ಬರೆಯಲು ನಮ್ಮ ಜಿಲ್ಲೆಗಳಲ್ಲೇ ಜನ ಇದ್ದಾರೆ. ಅಂಕ ಯಾಕೆ ಬೇಡ ಅಂದರೆ, ಅಂಕ ಬಂದ ಕ್ಷಣ ಮಗು "ಗೊತ್ತಿಲ್ಲ" ಅನ್ನುವುದನ್ನು ನಿಲ್ಲಿಸುತ್ತದೆ, ಪಕ್ಕದವನ ಪುಸ್ತಕ ನೋಡುತ್ತದೆ.

ಇದೆಲ್ಲ ಬುದ್ಧಿವಂತ ಮಕ್ಕಳಿಗೆ ಮಾತ್ರ ಅಂತ ಕೆಲವು ಸಹೋದ್ಯೋಗಿಗಳು ಹೇಳುತ್ತಾರೆ. ನನ್ನ ತರಗತಿಯಲ್ಲಿ ನಾನು ಕಂಡಿದ್ದು ಹಾಗಿಲ್ಲ. ಯಾವಾಗಲೂ ಮೊದಲು ಕೈ ಎತ್ತುವವರು ಒಗಟಿನ ಪಿರಿಯಡ್‌ನಲ್ಲಿ ತಡವರಿಸುವುದುಂಟು, ಅವರಿಗೆ ಸೂತ್ರ ಬೇಕು. ಮಗ್ಗಿ ತಪ್ಪುವ ಹುಡುಗ, ಸಂಜೆ ಅಪ್ಪನ ಜೊತೆ ಸಂತೆಯಲ್ಲಿ ತರಕಾರಿ ಮಾರುವವನು, "ಇಲ್ಲ ಸಾರ್, ಹಂಗಾದ್ರೆ ಇನ್ನೊಬ್ಬ ಸುಳ್ಳು ಹೇಳ್ದಂಗಾಯ್ತು" ಅಂತ ನಿಧಾನವಾಗಿ ಬಿಡಿಸಿ ಇಡುತ್ತಾನೆ. ಅವನು ಗಣಿತದಲ್ಲಿ ಫಸ್ಟ್ ಬಂದ ಅಂತ ಕಥೆ ಹೇಳಲಾರೆ, ಬಂದಿಲ್ಲ. ಆದರೆ ಪಿರಿಯಡ್ ತಪ್ಪಿಸುವುದನ್ನು ಬಿಟ್ಟಿದ್ದಾನೆ.

ಸಿಲಬಸ್ ಮುಗಿಯುವುದಿಲ್ಲ ಅನ್ನುವ ಮಾತು ನಿಜ. ಅತಿಥಿ ಶಿಕ್ಷಕರ ಮೇಲೆ ನಡೆಯುವ ಶಾಲೆಗಳಲ್ಲಿ ಇನ್ನೂ ನಿಜ. ಅದಕ್ಕೇ ಹೊಸ ಪಿರಿಯಡ್ ಸೇರಿಸಿ ಅನ್ನುತ್ತಿಲ್ಲ. ಗಣಿತದ್ದೇ ಒಂದು ಪಿರಿಯಡ್ ತೆಗೆದುಕೊಳ್ಳಿ, ವಾರಕ್ಕೆ ಒಂದು. ಅದನ್ನು ಕೊಡಲು ಕಷ್ಟವಾದರೆ ತಿಂಗಳ ಮೂರನೇ ಶನಿವಾರದ ಸಂಭ್ರಮ ಶನಿವಾರದಲ್ಲಾದರೂ ಶುರು ಮಾಡಬಹುದು, ಆವತ್ತು ಹೇಗೂ ಬ್ಯಾಗ್ ಇರುವುದಿಲ್ಲ. ಖರ್ಚು ಅಂತ ಹೇಳಿಕೊಳ್ಳುವಂಥದ್ದೇನಿಲ್ಲ. ಹುಣಸೆ ಬೀಜ, ಬಾಟಲಿ ಮುಚ್ಚಳ, ಹಳೇ ಬಸ್ ಟಿಕೆಟ್, ಒಂದು ತಕ್ಕಡಿ. ತಕ್ಕಡಿ ಮಕ್ಕಳ ಸಂತೆಗೆ ತಂದಿದ್ದು ಬಹಳ ಶಾಲೆಗಳಲ್ಲಿ ಇದ್ದೇ ಇರುತ್ತದೆ.

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಶಾಲೆಗಳಲ್ಲಿ, ಸಣ್ಣ ಮಕ್ಕಳಿಗೆ ಆಡಿಸುತ್ತಾ ಕಲಿಸುವ ನಲಿ-ಕಲಿ ಶುರುವಾದಾಗಲೂ ಅದು ಸಣ್ಣದೇ ಆಗಿತ್ತು. ಶಿಕ್ಷಕರೇ ಕೂತು ಕಾರ್ಡ್ ಮಾಡಿದ್ದರು. ನನ್ನದೂ ಅದೇ ಥರದ ಕೋರಿಕೆ. ಇಡೀ ರಾಜ್ಯಕ್ಕೆ ಒಂದೇ ಸಲ ಬೇಡ, ಒಪ್ಪುವ ಒಂದು ತಾಲ್ಲೂಕಿನಲ್ಲಿ ಒಂದು ವರ್ಷ ಬಿಟ್ಟು ನೋಡಿ. ವರ್ಷದ ಕೊನೆಗೆ ಒಗಟಿನ ಪರೀಕ್ಷೆ ಇಡಬೇಡಿ. ಮಕ್ಕಳಿಗೆ ಗೊತ್ತಿಲ್ಲದ ಒಂದು ಸಾಧಾರಣ ಪಠ್ಯದ ಲೆಕ್ಕ ಕೊಟ್ಟು, ಬಿಡಿಸಲು ಕೂತವರು ಎಷ್ಟು ಹೊತ್ತು ಕೂರುತ್ತಾರೆ, ಖಾಲಿ ಬಿಡುವವರು ಎಷ್ಟು ಜನ, ಪಕ್ಕದ ತಾಲ್ಲೂಕಿನಲ್ಲಿ ಎಷ್ಟು ಜನ ಅಂತ ಹೋಲಿಸಿ. ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಿಬಿಡಿ, ನಾನು ಇನ್ನೊಂದು ಪತ್ರ ಬರೆಯುವುದಿಲ್ಲ.

ಒಂದೇ ಒಂದು ವಿನಂತಿ ಉಳಿಯಿತು. ಸುತ್ತೋಲೆ ಹೊರಡಿಸುವುದಾದರೆ ಮೇ ತಿಂಗಳು ಮುಗಿಯುವುದರೊಳಗೆ ಹೊರಡಿಸಿ. ಜುಲೈನಲ್ಲಿ ಬಂದರೆ ಅಷ್ಟು ಹೊತ್ತಿಗೆ ವೇಳಾಪಟ್ಟಿ ಗೋಡೆಗೆ ಅಂಟಿಸಿ ಆಗಿರುತ್ತದೆ. ಅಂಟಿಸಿದ್ದನ್ನು ಕೀಳುವ ಹೆಡ್‌ಮಾಸ್ಟರನ್ನು ನಾನಂತೂ ನೋಡಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಸರ್ಕಾರಿ ಪ್ರೌಢಶಾಲೆಯ ಒಬ್ಬ ಗಣಿತ ಮೇಷ್ಟ್ರು